ಕೊರೆಯುವ ಚಳಿ, ಐದು ಕಿಲೋಮೀಟರ್ ಆಫೀಸು: ಹೈಬ್ರಿಡ್ ಕಾರಿನ ಮೈಲೇಜ್ ಕಾಪಾಡಿಕೊಳ್ಳುವುದು ಹೇಗೆ?

ಅಮೆರಿಕದ ಮಿನಿಯಾಪೊಲಿಸ್‌ಗೆ ಬಂದ ಮೊದಲ ವರ್ಷ, ಜನವರಿಯಲ್ಲಿ ನನ್ನ ಟೊಯೋಟಾ ಪ್ರಿಯಸ್ (ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಮೋಟರ್ ಇರುವ ಹೈಬ್ರಿಡ್ ಕಾರು) ಕೆಟ್ಟುಹೋಗಿದೆ ಅಂತಲೇ ತಿಳಿದಿದ್ದೆ. ಸೆಪ್ಟೆಂಬರ್‌ನಲ್ಲಿ ಗ್ಯಾಲನ್‌ಗೆ 50 ಮೈಲಿ ಕೊಡುತ್ತಿದ್ದ ಗಾಡಿ 34ಕ್ಕೆ ಇಳಿದಿತ್ತು. ಊರಿನ ಲೆಕ್ಕದಲ್ಲಿ ಹೇಳಿದರೆ ಲೀಟರ್‌ಗೆ 21 ಕಿಲೋಮೀಟರ್ ಇದ್ದದ್ದು 14ರ ಹತ್ತಿರ ಬಂದಿತ್ತು. ಸಿಗ್ನಲ್‌ನಲ್ಲಿ ನಿಂತರೂ ಎಂಜಿನ್ ಆಫ್ ಆಗುತ್ತಿರಲಿಲ್ಲ. ಮೆಕ್ಯಾನಿಕ್ ಹತ್ತಿರ ತೆಗೆದುಕೊಂಡು ಹೋದೆ. ಅವರು ಎಲ್ಲ ನೋಡಿ, ಗಾಡಿ ಚೆನ್ನಾಗಿದೆ, ಚಳಿ ಜಾಸ್ತಿ, ನಿಮ್ಮ ಆಫೀಸು ತುಂಬ ಹತ್ತಿರ ಅಂದರು. ಆ ಕೊನೆಯ ಮಾತೇ ಮುಖ್ಯವಾದದ್ದು ಅಂತ ಗೊತ್ತಾಗಲು ನನಗೆ ಇನ್ನೊಂದು ಚಳಿಗಾಲ ಬೇಕಾಯಿತು.

ಪ್ರತಿ ವರ್ಷ ಡಿಸೆಂಬರ್ ಬಂದರೆ ಹೊಸದಾಗಿ ಬಂದ ಕನ್ನಡದ ಸ್ನೇಹಿತರು ಇದೇ ಪ್ರಶ್ನೆ ಕೇಳುತ್ತಾರೆ. ಮಿನೆಸೋಟ, ಮಿಶಿಗನ್, ಒಂಟಾರಿಯೊ, ಎಲ್ಲ ಕಡೆ ಕಥೆ ಒಂದೇ. ಅವರಿಗೆಲ್ಲ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಕಾರಣ ತಿಳಿದುಕೊಳ್ಳಿ

ಇದು ಗೊತ್ತಾದರೆ ಉಳಿದ ಹೆಜ್ಜೆಗಳನ್ನು ನೀವೇ ಊಹಿಸಬಹುದು.

ದೋಸೆ ಕಾವಲಿಯನ್ನು ನೆನಪು ಮಾಡಿಕೊಳ್ಳಿ. ತಣ್ಣಗಿರುವ ಕಾವಲಿ ಕಾಯಲು ಒಂದಷ್ಟು ಗ್ಯಾಸ್ ಬೇಕೇ ಬೇಕು. ಇಪ್ಪತ್ತು ದೋಸೆ ಹುಯ್ದರೆ ಆ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಒಂದೇ ದೋಸೆ ಹುಯ್ದು ಒಲೆ ಆರಿಸಿದರೆ? ಕಾಯಿಸಿದ್ದೇ ಜಾಸ್ತಿ ಆಯಿತು, ಅಲ್ವಾ? ಎಂಜಿನ್ ಕೂಡ ಹಾಗೇ. ಮೈನಸ್ 10 ಡಿಗ್ರಿಯಲ್ಲಿ ರಾತ್ರಿಯಿಡೀ ನಿಂತ ಕಾರಿನ ಎಂಜಿನ್, ಆಯಿಲ್, ಎಂಜಿನ್ ಸುತ್ತ ಹರಿಯುವ ಕೂಲೆಂಟ್ ದ್ರವ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್, ಎಲ್ಲವೂ ಕಾಯಬೇಕು. ಅದಕ್ಕೆ ಪೆಟ್ರೋಲೇ ಉರಿಯಬೇಕು. ಐದು ಕಿಲೋಮೀಟರ್ ದೂರದ ಆಫೀಸಿಗೆ ಹತ್ತು ನಿಮಿಷ ಸಾಕು. ಕಾವಲಿ ಕಾಯುವ ಹೊತ್ತಿಗೆ ಆಫೀಸ್ ಪಾರ್ಕಿಂಗ್ ಬಂದಿರುತ್ತದೆ. ಸಂಜೆ ಮತ್ತೆ ತಣ್ಣನೆ ಕಾವಲಿ.

ಮಾಮೂಲಿ ಪೆಟ್ರೋಲ್ ಕಾರಿಗೂ ಈ ತೊಂದರೆ ಇದೆ. ಆದರೆ ಹೈಬ್ರಿಡ್‌ಗೆ ಪೆಟ್ಟು ಜಾಸ್ತಿ. ಅಮೆರಿಕದ ಇಂಧನ ಇಲಾಖೆ ಮತ್ತು ಪರಿಸರ ಸಂಸ್ಥೆ ಇಪಿಎ ಕೊಡುವ ಲೆಕ್ಕ ನೋಡಿ. 25 ಡಿಗ್ರಿ ಸೆಲ್ಸಿಯಸ್ ಇದ್ದದ್ದು ಮೈನಸ್ 7ಕ್ಕೆ ಇಳಿದರೆ ಊರೊಳಗಿನ ಓಡಾಟದಲ್ಲಿ ಮಾಮೂಲಿ ಕಾರಿನ ಮೈಲೇಜ್ ಸುಮಾರು 15% ಕಡಿಮೆಯಾಗುತ್ತದೆ. ಮೂರು ನಾಲ್ಕು ಮೈಲಿಯ ಸಣ್ಣ ಓಡಾಟವಾದರೆ ಇಳಿತ 24% ತನಕ ಹೋಗಬಹುದು. ಹೈಬ್ರಿಡ್‌ಗೆ ಇದು ಸುಮಾರು 30ರಿಂದ 34%. ನನ್ನ 50 ಯಾಕೆ 34 ಆಯಿತು ಅಂತ ಇಲ್ಲೇ ಗೊತ್ತಾಗುತ್ತದೆ.

ಹೈಬ್ರಿಡ್‌ಗೇ ಯಾಕೆ ಜಾಸ್ತಿ? ಅದರ ಜಾಣತನವೆಲ್ಲ ಇರುವುದು ಎಂಜಿನ್ ಆಫ್ ಮಾಡುವುದರಲ್ಲಿ. ಚಳಿಯಲ್ಲಿ ಅದು ಆಫ್ ಮಾಡಲು ಆಗುವುದಿಲ್ಲ. ಕೂಲೆಂಟ್ ಒಂದು ಮಟ್ಟಕ್ಕೆ ಕಾಯುವ ತನಕ ಎಂಜಿನ್ ಓಡಲೇಬೇಕು. ನೀವು ಹೀಟರ್ ಹಾಕಿದರೆ ಆ ಬಿಸಿಯೂ ಅದೇ ಕೂಲೆಂಟ್‌ನಿಂದ ಬರಬೇಕು. ಸಾಲದ್ದಕ್ಕೆ ಈ ಎಂಜಿನ್‌ಗಳು ಬಿಸಿಯನ್ನು ಕಡಿಮೆ ಪೋಲು ಮಾಡುತ್ತವೆ. 2016ರ ಮಾದರಿಯಿಂದ ಪ್ರಿಯಸ್ ಎಂಜಿನ್‌ನ ಗರಿಷ್ಠ ದಕ್ಷತೆ 40% ಅಂತ ಟೊಯೋಟಾ ಹೇಳುತ್ತದೆ. ಬೇಸಿಗೆಯಲ್ಲಿ ಇದು ವರ. ಚಳಿಗಾಲದಲ್ಲಿ ಮಾತ್ರ ಕಾಲು ಬೆಚ್ಚಗಾಗಲು ಹೊತ್ತು ಹಿಡಿಯುತ್ತದೆ. ಬ್ಯಾಟರಿಯೂ ಚಳಿಗೆ ಮರಗಟ್ಟಿರುತ್ತದೆ. ಬ್ರೇಕ್ ಹಾಕಿದಾಗ ಬರುವ ಕರೆಂಟನ್ನು ಅದು ಪೂರ್ತಿ ತೆಗೆದುಕೊಳ್ಳುವುದಿಲ್ಲ, ಹೊರಗೂ ಧಾರಾಳವಾಗಿ ಕೊಡುವುದಿಲ್ಲ.

ಟೊಯೋಟಾದವರಿಗೂ ಇದು ಮೊದಲಿಂದ ಗೊತ್ತಿತ್ತು. 2004ರಿಂದ 2009ರ ತನಕ ಇಲ್ಲಿ ಮಾರಿದ ಪ್ರಿಯಸ್‌ನಲ್ಲಿ ಒಂದು ಥರ್ಮಸ್ ಇತ್ತು. ಗಾಡಿ ನಿಲ್ಲಿಸಿದಾಗ ಸುಮಾರು ಮೂರು ಲೀಟರ್ ಬಿಸಿ ಕೂಲೆಂಟನ್ನು ಅದರೊಳಗೆ ತುಂಬಿಕೊಂಡು, ಮರುದಿನ ಎಂಜಿನ್‌ಗೆ ಕೊಡುತ್ತಿತ್ತು. ಬಚ್ಚಲ ಹಂಡೆಯ ನೀರು ಬೆಳಗಿನ ತನಕ ಬೆಚ್ಚಗಿರುತ್ತಿತ್ತಲ್ಲ, ಹಾಗೆ. ಮುಂದಿನ ತಲೆಮಾರಿನಲ್ಲಿ ಅದನ್ನು ತೆಗೆದು, ಹೊಗೆಯ ಬಿಸಿಯಿಂದಲೇ ಕೂಲೆಂಟ್ ಕಾಯಿಸುವ ಏರ್ಪಾಡು ಮಾಡಿದರು. ನನಗೆ ಆ ಥರ್ಮಸ್ ಯೋಚನೆ ಇವತ್ತಿಗೂ ತುಂಬ ಇಷ್ಟ.

ಹೆಜ್ಜೆ 1: ಅಳೆದು ನೋಡಿ

ಡ್ಯಾಶ್‌ಬೋರ್ಡ್ ತೋರಿಸುವ ಸಂಖ್ಯೆಯನ್ನೇ ನಂಬಿಕೊಂಡು ಕೂರಬೇಡಿ. ಟ್ಯಾಂಕ್ ತುಂಬಿಸಿದಾಗ ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮತ್ತೆ ತುಂಬಿಸಿದಾಗ ಎಷ್ಟು ಮೈಲಿ ಓಡಿತು, ಎಷ್ಟು ಗ್ಯಾಲನ್ ಹಿಡಿಯಿತು ಅಂತ ಭಾಗಿಸಿ. ಎರಡು ಮೂರು ಟ್ಯಾಂಕ್ ಆದ ಮೇಲೆ ನಿಜವಾದ ಅಂಕಿ ಸಿಗುತ್ತದೆ.

ಇನ್ನೊಂದು ಕೆಲಸ ಮಾಡಿ. ನಿಮ್ಮ ಕಾರಿನ ಪರದೆಯಲ್ಲಿ ಐದೈದು ನಿಮಿಷದ ಮೈಲೇಜ್ ಪಟ್ಟಿ ಬರುತ್ತಿದ್ದರೆ ಒಂದು ವಾರ ಅದನ್ನು ಗಮನಿಸಿ. ಮೊದಲ ಐದು ನಿಮಿಷದ ಪಟ್ಟಿ ತೀರಾ ಗಿಡ್ಡ. ಎರಡನೆಯದು ಸ್ವಲ್ಪ ಎತ್ತರ. ಮೂರನೆಯದು, ನಾಲ್ಕನೆಯದು ಬೇಸಿಗೆಯ ಹತ್ತಿರಕ್ಕೆ ಬರುತ್ತದೆ. ನಿಮ್ಮ ದಾರಿ ಎರಡನೇ ಪಟ್ಟಿಗೇ ಮುಗಿಯುತ್ತಿದ್ದರೆ ಸಮಸ್ಯೆ ಎಲ್ಲಿದೆ ಅಂತ ಕಣ್ಣಿಗೇ ಕಾಣುತ್ತದೆ.

ನಷ್ಟ ಎಷ್ಟು ಅಂತಲೂ ಲೆಕ್ಕ ಹಾಕೋಣ. ಹೋಗಿ ಬಂದು ದಿನಕ್ಕೆ 10 ಕಿಲೋಮೀಟರ್, ತಿಂಗಳಿಗೆ 22 ದಿನ. ಒಟ್ಟು 220 ಕಿಲೋಮೀಟರ್, ಅಂದರೆ 137 ಮೈಲಿ. 50ರ ಮೈಲೇಜಿಗೆ 2.7 ಗ್ಯಾಲನ್ ಬೇಕು, 34ಕ್ಕೆ 4 ಗ್ಯಾಲನ್. ವ್ಯತ್ಯಾಸ 1.3 ಗ್ಯಾಲನ್, ಐದು ಲೀಟರಿನಷ್ಟು. ಗ್ಯಾಲನ್‌ಗೆ 3 ಡಾಲರ್ ಅಂತ ಹಿಡಿದರೆ ತಿಂಗಳಿಗೆ 4 ಡಾಲರ್. ಈ ಸಂಖ್ಯೆಯನ್ನು ದಯವಿಟ್ಟು ನೆನಪಿಡಿ. ನಾಲ್ಕು ಡಾಲರಿಗಾಗಿ ಚಳಿಯಲ್ಲಿ ನಡುಗುತ್ತ ಗಾಡಿ ಓಡಿಸಬೇಡಿ. ಮಂಜು ಕಟ್ಟಿದ ಗಾಜಿನ ಹಿಂದೆ ಕೂತು ರಸ್ತೆಗೆ ಇಳಿಯಲೇಬೇಡಿ. ಮುಂದಿನ ಹೆಜ್ಜೆಗಳಲ್ಲಿ ಹೆಚ್ಚಿನವು ಖರ್ಚಿಲ್ಲದವು. ಅದಕ್ಕೇ ಅವು ಮಾಡಲು ಯೋಗ್ಯ.

ಹೆಜ್ಜೆ 2: ಓಡಾಟಗಳನ್ನು ಒಟ್ಟು ಮಾಡಿ

ಎಲ್ಲಕ್ಕಿಂತ ದೊಡ್ಡ ಉಳಿತಾಯ ಇಲ್ಲಿದೆ. ಕಾವಲಿ ಒಮ್ಮೆ ಕಾದ ಮೇಲೆ ಎಲ್ಲ ದೋಸೆ ಹುಯ್ದು ಮುಗಿಸಿ.

ಸಂಜೆ ಮನೆಗೆ ಬಂದು, ಕಾಫಿ ಕುಡಿದು, ಎರಡು ತಾಸು ಬಿಟ್ಟು ದಿನಸಿ ತರಲು ಹೊರಟರೆ ಎಂಜಿನ್ ಮತ್ತೆ ತಣ್ಣಗಾಗಿರುತ್ತದೆ. ಆಫೀಸಿನಿಂದ ನೇರ ಅಂಗಡಿಗೆ ಹೋಗಿ, ಮಗುವನ್ನು ಕರೆದುಕೊಂಡು ಮನೆಗೆ ಬನ್ನಿ. ಅಂಗಡಿಯಲ್ಲಿ ಇಪ್ಪತ್ತು ನಿಮಿಷ ನಿಂತರೂ ಎಂಜಿನ್‌ನಲ್ಲಿ ಬಿಸಿ ಉಳಿದಿರುತ್ತದೆ.

ಯಾವುದು ಮೊದಲು ಅನ್ನುವುದೂ ಮುಖ್ಯ. ಶನಿವಾರ ಮೂರು ಕಡೆ ಹೋಗುವುದಿದ್ದರೆ ಮೊದಲು ದೂರದ ಜಾಗಕ್ಕೆ ಹೋಗಿ. ಆ ಉದ್ದ ದಾರಿಯಲ್ಲಿ ಎಂಜಿನ್ ಪೂರ್ತಿ ಕಾಯುತ್ತದೆ. ವಾಪಸ್ ಬರುತ್ತ ಹತ್ತಿರದ ಕೆಲಸ ಮುಗಿಸಿ. ಹತ್ತಿರದ್ದನ್ನು ಮೊದಲು ಮಾಡಿದರೆ ಅರೆಬಿಸಿ ಎಂಜಿನ್ ಪ್ರತಿ ನಿಲ್ದಾಣದಲ್ಲೂ ತಣಿಯುತ್ತ ಹೋಗುತ್ತದೆ.

ಒಂದೇ ಕಟ್ಟಡದಲ್ಲಿ ಕೆಲಸ ಮಾಡುವ ಇಬ್ಬರು ಪಕ್ಕಪಕ್ಕದಲ್ಲೇ ಇದ್ದರೆ ಒಂದೇ ಗಾಡಿಯಲ್ಲಿ ಹೋಗಿ. ಎರಡು ಕಾವಲಿ ಯಾಕೆ ಕಾಯಿಸಬೇಕು? ನಾವು ಮೂರು ವರ್ಷದಿಂದ ಹೀಗೇ ಮಾಡುತ್ತಿದ್ದೇವೆ. ಬೆಳಿಗ್ಗೆ ಕನ್ನಡದಲ್ಲಿ ಹತ್ತು ನಿಮಿಷ ಮಾತಾಡಿದ ಖುಷಿಯೂ ಸಿಗುತ್ತದೆ.

ಹೆಜ್ಜೆ 3: ಗಾಡಿ ಎಲ್ಲಿ ನಿಲ್ಲಿಸುತ್ತೀರಿ ನೋಡಿ

ಗ್ಯಾರೇಜ್ ಇದ್ದರೆ ಅದರೊಳಗೆ ಪೇರಿಸಿಟ್ಟ ಡಬ್ಬಗಳನ್ನು ತೆಗೆದು ಗಾಡಿಗೆ ಜಾಗ ಮಾಡಿ. ಹೀಟರ್ ಇಲ್ಲದ ಗ್ಯಾರೇಜ್ ಕೂಡ ಹೊರಗಿಗಿಂತ ಎಷ್ಟೋ ಬೆಚ್ಚಗಿರುತ್ತದೆ. ಅಪಾರ್ಟ್‌ಮೆಂಟ್‌ನವರು ಗಾಳಿಗೆ ಮರೆಯಾದ, ಬೆಳಗಿನ ಬಿಸಿಲು ಬೀಳುವ ಜಾಗ ಹುಡುಕಿ. ರಾತ್ರಿ ಮುಂದಿನ ಗಾಜಿಗೆ ಒಂದು ಕವರ್ ಹೊದಿಸಿದರೆ ಬೆಳಿಗ್ಗೆ ಡಿಫ್ರಾಸ್ಟ್ (ಗಾಜಿಗೆ ಬಿಸಿ ಗಾಳಿ ಊದುವುದು) ಹಾಕಿ ಕಾಯುವುದು ತಪ್ಪುತ್ತದೆ.

ಇಲ್ಲಿ ಒಂದು ಎಚ್ಚರಿಕೆ, ಗಟ್ಟಿಯಾಗಿ ಹೇಳುತ್ತೇನೆ. ಗ್ಯಾರೇಜ್ ಒಳಗೆ ಗಾಡಿಯನ್ನು ಆನ್ ಮಾಡಿ ಬಿಡಬೇಡಿ. ಬಾಗಿಲು ತೆರೆದಿದ್ದರೂ ಬೇಡ. ಹೈಬ್ರಿಡ್ ಸದ್ದಿಲ್ಲದೆ ನಿಂತಿದೆ ಅಂದರೆ ಆಫ್ ಆಗಿದೆ ಅಂತಲ್ಲ. ಡ್ಯಾಶ್‌ಬೋರ್ಡ್‌ನಲ್ಲಿ ರೆಡಿ ದೀಪ ಉರಿಯುತ್ತಿದ್ದರೆ ಎಂಜಿನ್ ಯಾವಾಗ ಬೇಕಾದರೂ ತಾನೇ ಶುರುವಾಗಬಹುದು. ಕೀ ಜೇಬಲ್ಲಿಟ್ಟುಕೊಂಡು ಒಳಗೆ ಹೋದವರು, ಹೊಗೆಯಲ್ಲಿರುವ ವಿಷಗಾಳಿ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೆ ತುಂಬಿ ಸತ್ತ ಘಟನೆಗಳು ಈ ದೇಶದಲ್ಲಿ ನಡೆದಿವೆ. ಇಳಿಯುವ ಮುಂಚೆ ದೀಪ ಆರಿದೆಯಾ ನೋಡಿ. ಮನೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲಿ. ಹೊರಗೆ ನಿಲ್ಲಿಸಿದ್ದರೆ, ಸ್ಟಾರ್ಟ್ ಮಾಡುವ ಮುಂಚೆ ಹಿಂದಿನ ಹೊಗೆ ಕೊಳವೆಗೆ ಹಿಮ ಮುಚ್ಚಿದೆಯಾ ಅಂತಲೂ ನೋಡಿ.

ಹೆಜ್ಜೆ 4: ಹೊರಡುವ ಮುಂಚಿನ ಐದು ನಿಮಿಷ

ಹತ್ತು ಹದಿನೈದು ನಿಮಿಷ ನಿಂತಲ್ಲೇ ಎಂಜಿನ್ ಓಡಿಸಿ ಕಾಯಿಸುವುದು ಇಲ್ಲಿನವರ ಹಳೇ ರೂಢಿ. ಈಗಿನ ಕಾರುಗಳಿಗೆ ಅದು ಬೇಡ. ಅರ್ಧ ನಿಮಿಷ ಬಿಟ್ಟು ನಿಧಾನವಾಗಿ ಹೊರಟರೆ ಸಾಕು. ಓಡುವ ಎಂಜಿನ್ ನಿಂತ ಎಂಜಿನ್‌ಗಿಂತ ಬೇಗ ಕಾಯುತ್ತದೆ. ನಿಂತಲ್ಲಿ ಉರಿದ ಪೆಟ್ರೋಲಿಗೆ ಮೈಲೇಜ್ ಸೊನ್ನೆ.

ಹಾಗಾಗಿ ಮೊದಲು ಹೊರಗಿನ ಕೆಲಸ ಮುಗಿಸಿ, ಆಮೇಲೆ ಬಟನ್ ಒತ್ತಿ. ಮುಂದಿನ, ಹಿಂದಿನ, ಪಕ್ಕದ ಗಾಜು, ದೀಪಗಳು, ಚಾವಣಿ ಎಲ್ಲವನ್ನೂ ಪೂರ್ತಿ ಕೆರೆದು ಗುಡಿಸಿ. ಚಾವಣಿಯ ಹಿಮ ಬ್ರೇಕ್ ಹಾಕಿದಾಗ ಮುಂದಿನ ಗಾಜಿಗೇ ಜಾರುತ್ತದೆ. ಊರಿನಿಂದ ಬಂದವರಿಗೆ ಬಿಸಿನೀರು ಸುರಿಯುವ ಆಸೆ ಬರುತ್ತದೆ. ಖಂಡಿತ ಬೇಡ, ಗಾಜು ಸೀಳುತ್ತದೆ.

ಕಾರಿನೊಳಗೆ ಕೂರುವಾಗ ಬೂಟಿನ ಹಿಮ ಒದರಿ. ಇದು ಸಣ್ಣದು ಅನ್ನಿಸಬಹುದು. ಆ ಹಿಮ ಕರಗಿ ಆವಿಯಾಗಿ ಗಾಜಿಗೆ ಕಟ್ಟುತ್ತದೆ. ಆಗ ನೀವು ಡಿಫ್ರಾಸ್ಟ್ ಹಾಕುತ್ತೀರಿ. ಡಿಫ್ರಾಸ್ಟ್‌ಗೆ ಬಿಸಿ ಬೇಕು, ಬಿಸಿಗೆ ಎಂಜಿನ್ ಬೇಕು. ರಬ್ಬರ್ ಮ್ಯಾಟ್ ಹಾಕಿ, ಅದರಲ್ಲಿ ನಿಂತ ನೀರನ್ನು ಆಗಾಗ ಚೆಲ್ಲಿ.

ಹೆಜ್ಜೆ 5: ಹೀಟರ್ ಜೊತೆ ಹೊಂದಾಣಿಕೆ

ಸಣ್ಣ ದಾರಿಯಲ್ಲಿ ಎಂಜಿನ್ ಆಫ್ ಆಗದಿರಲು ಬಹಳ ಸಲ ಹೀಟರೇ ಕಾರಣ. ನಿಂತ ಸಿಗ್ನಲ್‌ನಲ್ಲಿ ಕೂಲೆಂಟ್ ತಣಿದರೆ, ನಿಮ್ಮನ್ನು ಬೆಚ್ಚಗಿಡಲು ಎಂಜಿನ್ ಮತ್ತೆ ಶುರುವಾಗುತ್ತದೆ.

ಮೊದಲ ಮೂರು ನಾಲ್ಕು ನಿಮಿಷ ಹೀಟರ್‌ನಿಂದ ಹೇಗೂ ತಣ್ಣನೆ ಗಾಳಿಯೇ ಬರುತ್ತದೆ. ಆ ಹೊತ್ತು ಫ್ಯಾನ್ ಕಡಿಮೆ ಇಟ್ಟು ಸೀಟ್ ಹೀಟರ್ ಹಾಕಿ. ಸೀಟ್ ಹೀಟರಿಗೆ ಒಂದು ಹಳೇ ಬಲ್ಬಿನಷ್ಟು ಕರೆಂಟ್ ಸಾಕು. ಇಡೀ ಕ್ಯಾಬಿನ್ ಕಾಯಿಸಲು ಅದರ ಎಷ್ಟೋ ಪಟ್ಟು ಶಕ್ತಿ ಬೇಕು. ಬೆನ್ನು, ಕೈ ಬೆಚ್ಚಗಾದರೆ ಥರ್ಮೋಸ್ಟಾಟ್ 24 ಬದಲು 20 ಡಿಗ್ರಿಗೆ ಇಟ್ಟರೂ ಹಿತವಾಗಿರುತ್ತದೆ. ಹೇಗೂ ಜಾಕೆಟ್ ಹಾಕಿರುತ್ತೀರಲ್ಲ. ಟೊಯೋಟಾ ಗಾಡಿಗಳಲ್ಲಿ ಇಕೋ ಮೋಡ್ ಹಾಕಿದರೆ ಹೀಟರ್‌ನ ಬೇಡಿಕೆಯನ್ನೂ ಅದು ಸ್ವಲ್ಪ ತಗ್ಗಿಸುತ್ತದೆ.

ಆದರೆ ಗಾಜು ಮಂಜಾದರೆ ಈ ಲೆಕ್ಕ ಎಲ್ಲ ಬಿಟ್ಟು ಡಿಫ್ರಾಸ್ಟ್ ಹಾಕಿ. ಗಾಡಿಯಲ್ಲಿ ಪುಟ್ಟ ಮಗು ಅಥವಾ ಊರಿಂದ ಬಂದ ಅಪ್ಪ ಅಮ್ಮ ಇದ್ದರೂ ಅಷ್ಟೇ. ಅವರಿಗೆ ಬೆಚ್ಚಗಿರಲಿ.

ಹಿಂದಿನ ಸೀಟಿನ ಪಕ್ಕದಲ್ಲೋ ಕೆಳಗೋ ಒಂದು ಜಾಲರಿ ಇರುತ್ತದೆ. ಪ್ರಿಯಸ್‌ನಂಥ ಗಾಡಿಗಳಲ್ಲಿ ಹೈಬ್ರಿಡ್ ಬ್ಯಾಟರಿ ಅಲ್ಲಿಂದಲೇ ಕ್ಯಾಬಿನ್ ಗಾಳಿ ಎಳೆದುಕೊಳ್ಳುವುದು. ಚಳಿಗಾಲದ ದಪ್ಪ ಜಾಕೆಟ್, ಕಂಬಳಿಗಳನ್ನು ಅದರ ಮೇಲೆ ಬಿಸಾಡಬೇಡಿ.

ಪ್ಲಗ್-ಇನ್ ಹೈಬ್ರಿಡ್ ಇದ್ದವರಿಗೆ ಇನ್ನೊಂದು ಅನುಕೂಲ ಇದೆ. ಚಾರ್ಜರ್‌ಗೆ ಸಿಕ್ಕಿಸಿರುವಾಗಲೇ ಕ್ಯಾಬಿನ್ ಬೆಚ್ಚಗೆ ಮಾಡಿಕೊಳ್ಳಿ. ಗೋಡೆಯ ಕರೆಂಟ್ ಹೋಗುತ್ತದೆ, ಬ್ಯಾಟರಿ ಹಾಗೇ ಉಳಿಯುತ್ತದೆ.

ಹೆಜ್ಜೆ 6: ಓಡಿಸುವ ರೀತಿ

ಮೊದಲ ಒಂದು ನಿಮಿಷ ಮೆಲ್ಲಗೆ ಹೋಗಿ. ಆಗ ಎಂಜಿನ್ ಕ್ಯಾಟಲಿಟಿಕ್ ಕನ್ವರ್ಟರ್ ಕಾಯಿಸುವುದರಲ್ಲಿ ಇರುತ್ತದೆ. ಆಮೇಲೆ ಮಾಮೂಲಿಯಾಗಿ ಓಡಿಸಿ. ಬ್ಯಾಟರಿಯಲ್ಲೇ ಓಡಿಸುವ ಇವಿ ಬಟನ್ ಒತ್ತಿ ಒತ್ತಿ ಎಂಜಿನ್ ಆಫ್ ಮಾಡಿಸಲು ನೋಡಬೇಡಿ. ತಣ್ಣನೆ ಎಂಜಿನ್ ಇದ್ದಾಗ ಗಾಡಿ ಅದಕ್ಕೆ ಒಪ್ಪುವುದೂ ಇಲ್ಲ. ಎರಡು ದಾರಿ ಇದ್ದರೆ ಸಿಗ್ನಲ್ ಕಡಿಮೆ ಇರುವ, ಒಂದೇ ವೇಗದಲ್ಲಿ ಹೋಗುವ ದಾರಿ ಆರಿಸಿಕೊಳ್ಳಿ, ಅರ್ಧ ಮೈಲಿ ಸುತ್ತಾದರೂ ಪರವಾಗಿಲ್ಲ.

ಹೆಜ್ಜೆ 7: ಟೈರ್ ಗಾಳಿ

ತಾಪಮಾನ 10 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಐದೂವರೆ ಸೆಲ್ಸಿಯಸ್ ಇಳಿದರೆ ಟೈರ್‌ನಲ್ಲಿ ಸುಮಾರು 1 ಪಿಎಸ್‌ಐ ಗಾಳಿ ಕಡಿಮೆಯಾಗುತ್ತದೆ. ಅಕ್ಟೋಬರ್‌ನಲ್ಲಿ 10 ಡಿಗ್ರಿ ಇದ್ದಾಗ ಸರಿ ಮಾಡಿಸಿದ ಟೈರ್, ಮೈನಸ್ 20ರ ಬೆಳಿಗ್ಗೆ 5 ಪಿಎಸ್‌ಐ ಕಡಿಮೆ ಇರುತ್ತದೆ. ತಿಂಗಳಿಗೊಮ್ಮೆ ಗಾಡಿ ಓಡಿಸುವ ಮುಂಚೆ ನೋಡಿ. ಎಷ್ಟು ಇರಬೇಕು ಅಂತ ಡ್ರೈವರ್ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ಬರೆದಿರುತ್ತದೆ. ಟೈರ್ ಮೇಲಿರುವುದು ಗರಿಷ್ಠ ಮಿತಿ, ಅದನ್ನು ನೋಡಿ ತುಂಬಿಸಬೇಡಿ.

ವಿಂಟರ್ ಟೈರ್ ಹಾಕಿದರೆ ಮೈಲೇಜ್ ಸ್ವಲ್ಪ ಇಳಿಯಬಹುದು. ಇಳಿಯಲಿ. 7 ಡಿಗ್ರಿಗಿಂತ ಕೆಳಗೆ ಮಾಮೂಲಿ ಟೈರ್‌ನ ರಬ್ಬರ್ ಬಿರುಸಾಗುತ್ತ ಹೋಗುತ್ತದೆ. ಐಸ್ ಮೇಲೆ ಗಾಡಿ ನಿಲ್ಲುವುದು ಮುಖ್ಯ.

ಹೆಜ್ಜೆ 8: ಬೇಕಿದ್ದರೆ ಮಾತ್ರ, ಬ್ಲಾಕ್ ಹೀಟರ್ ಮತ್ತು ಗ್ರಿಲ್ ಮುಚ್ಚುವುದು

ಬ್ಲಾಕ್ ಹೀಟರ್ ಅಂದರೆ ಎಂಜಿನ್‌ಗೆ ಹಾಕುವ ಸಣ್ಣ ಕರೆಂಟ್ ಒಲೆ. ಕೆನಡಾದ ಪ್ರೇರಿ ಪ್ರಾಂತ್ಯಗಳಲ್ಲಿ ಪಾರ್ಕಿಂಗ್ ಜಾಗದಲ್ಲೇ ಇದಕ್ಕೆ ಪ್ಲಗ್ ಇಟ್ಟಿರುತ್ತಾರೆ. ಮೈನಸ್ 20ರಲ್ಲಿ ಇದರಿಂದ ಮೈಲೇಜ್ 10% ತನಕ ಸುಧಾರಿಸಬಹುದು ಅನ್ನುತ್ತದೆ ಕೆನಡಾ ಸರ್ಕಾರದ ನೈಸರ್ಗಿಕ ಸಂಪನ್ಮೂಲ ಇಲಾಖೆ. ಇಡೀ ರಾತ್ರಿ ಹಾಕಿಡಬೇಡಿ. ಟೈಮರ್ ಇಟ್ಟು ಹೊರಡುವ ಎರಡು ಗಂಟೆ ಮುಂಚೆ ಶುರುವಾಗುವಂತೆ ಮಾಡಿ. 400 ವಾಟ್‌ನದ್ದಾದರೆ ಒಂದು ದಿನಕ್ಕೆ 0.8 ಯೂನಿಟ್ ಆಯಿತು. ಹೊರಗಿನ ಬಳಕೆಗೆಂದೇ ಮಾಡಿದ ಮೂರು ಪಿನ್‌ನ ಎಕ್ಸ್‌ಟೆನ್ಷನ್ ವೈರ್ ಇರಲಿ. ವೈರನ್ನು ಡ್ರೈವರ್ ಕಡೆಯ ಕನ್ನಡಿಗೆ ಒಂದು ಸುತ್ತು ಸುತ್ತಿಡಿ. ಬಿಚ್ಚಲು ಮರೆತು ಹೊರಡುವುದು ತಪ್ಪುತ್ತದೆ.

ಹಣದ ಲೆಕ್ಕದಲ್ಲಿ, ಐದು ಕಿಲೋಮೀಟರ್ ಓಡಾಟಕ್ಕೆ ಬ್ಲಾಕ್ ಹೀಟರ್ ಹಾಕಿಸಿದ ಖರ್ಚು ವಾಪಸ್ ಬರಲು ಬಹಳ ವರ್ಷ ಬೇಕು. ನಾನು ಹಾಕಿಸಿದ್ದು ಎಂಜಿನ್ ಸವೆತ ಕಡಿಮೆಯಾಗಲಿ, ಹೀಟರ್ ಬೇಗ ಬಿಸಿಯಾಗಲಿ ಅಂತ. ಅಷ್ಟರ ಮಟ್ಟಿಗೆ ತೃಪ್ತಿ ಇದೆ.

ಗ್ರಿಲ್ ಮುಚ್ಚುವುದು ಇನ್ನೂ ಸುಲಭ. ನೀರಿನ ಪೈಪಿಗೆ ಸುತ್ತುವ ಫೋಮ್ ಕೊಳವೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಅಳತೆಗೆ ಕತ್ತರಿಸಿ ಮುಂದಿನ ಗ್ರಿಲ್‌ನ ಪಟ್ಟಿಗಳಿಗೆ ಸಿಕ್ಕಿಸಿದರೆ ತಣ್ಣನೆ ಗಾಳಿ ನುಗ್ಗುವುದು ಕಡಿಮೆಯಾಗುತ್ತದೆ. ಪೂರ್ತಿ ಮುಚ್ಚಬೇಡಿ, ಸ್ವಲ್ಪ ಜಾಗ ಬಿಡಿ. ಕಂಪನಿಯ ಲಾಂಛನದ ಹಿಂದೆ ರೇಡಾರ್ ಇದ್ದರೆ ಅಲ್ಲಿ ಏನೂ ತಾಗಬಾರದು. ಎಂಜಿನ್‌ನ ಅಂಕಿಗಳನ್ನು ಓದಿ ತೋರಿಸುವ ಓಬಿಡಿ ಸ್ಕ್ಯಾನರ್ ಒಂದನ್ನು ಸಿಕ್ಕಿಸಿ ಮೊದಲ ವಾರ ಕೂಲೆಂಟ್ ತಾಪಮಾನದ ಮೇಲೆ ಕಣ್ಣಿಡಿ. ಹೊಸ ಗಾಡಿಗಳಲ್ಲಿ ಎಷ್ಟೋಕ್ಕೆ ತಾನಾಗೇ ಮುಚ್ಚಿಕೊಳ್ಳುವ ಗ್ರಿಲ್ ಇದೆ. ಅಂಥವರಿಗೆ ಈ ಕೆಲಸ ಬೇಕಿಲ್ಲ.

ಹೆಜ್ಜೆ 9: ಆಯಿಲ್ ಮತ್ತು ಸಣ್ಣ ಬ್ಯಾಟರಿ

ಸಣ್ಣ ಓಡಾಟದ ನಿಜವಾದ ಖರ್ಚು ಇಲ್ಲಿ ಬರುತ್ತದೆ. ಎಂಜಿನ್ ಪೂರ್ತಿ ಕಾಯದೇ ಹೋದರೆ ಆಯಿಲ್‌ಗೆ ಸೇರಿದ ನೀರಿನ ಪಸೆ, ಪೆಟ್ರೋಲ್ ಆವಿಯಾಗಿ ಹೋಗುವುದಿಲ್ಲ. ಸೊನ್ನೆ ಡಿಗ್ರಿಗಿಂತ ಕೆಳಗೆ ಐದು ಮೈಲಿಗಿಂತ ಸಣ್ಣ ಓಡಾಟ ಪದೇ ಪದೇ ಮಾಡುವುದನ್ನು ಟೊಯೋಟಾ ತನ್ನ ಅಮೆರಿಕದ ನಿರ್ವಹಣೆ ಪುಸ್ತಕದಲ್ಲಿ ವಿಶೇಷ ಪರಿಸ್ಥಿತಿ ಅಂತಲೇ ಬರೆದಿದೆ. ನಿಮ್ಮ ಪುಸ್ತಕ ತೆಗೆದು ಆ ಪುಟ ನೋಡಿ. ಆಯಿಲ್ ಯಾವಾಗ ಬದಲಾಯಿಸಬೇಕು ಅಂತ ಅದರ ಪ್ರಕಾರ ನಿರ್ಧರಿಸಿ. ಪುಸ್ತಕ ಹೇಳಿದ ತೆಳು ಆಯಿಲನ್ನೇ ಹಾಕಿಸಿ. ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ಹೈವೇಯಲ್ಲಿ ಓಡಿಸಿ. ದೇವಸ್ಥಾನಕ್ಕೋ ಸ್ನೇಹಿತರ ಮನೆಗೋ ಹೋಗುವ ಭಾನುವಾರ ಇದಕ್ಕೆ ಸರಿ.

ಅದೇ ಅರ್ಧ ಗಂಟೆ 12 ವೋಲ್ಟ್ ಬ್ಯಾಟರಿಗೂ ಬೇಕು. ದೊಡ್ಡ ಹೈಬ್ರಿಡ್ ಬ್ಯಾಟರಿ ಎಷ್ಟೇ ಚೆನ್ನಾಗಿದ್ದರೂ, ಈ ಸಣ್ಣದು ಸತ್ತರೆ ರೆಡಿ ದೀಪ ಬರುವುದಿಲ್ಲ, ಗಾಡಿ ಅಲ್ಲಾಡುವುದಿಲ್ಲ. ಚಳಿ ಶುರುವಾಗುವ ಮುಂಚೆ ಪರೀಕ್ಷೆ ಮಾಡಿಸಿ.

ಊರಿನಲ್ಲಿರುವ ಓದುಗರಿಗೂ ಒಂದು ಮಾತು. ಬಿಡದಿಯಲ್ಲೇ ತಯಾರಾಗುವ ಟೊಯೋಟಾದ ಹೈಕ್ರಾಸ್, ಹೈರೈಡರ್ ಹೈಬ್ರಿಡ್‌ಗಳು ಈಗ ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಡಿಸೆಂಬರ್ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಸ್ವಲ್ಪ ಹೊತ್ತು ಆಫ್ ಆಗದಿದ್ದರೆ ಗಾಬರಿ ಬೇಡ. ಇದೇ ಕಾರಣ, ಸಣ್ಣ ಪ್ರಮಾಣದಲ್ಲಿ. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ನಿಮಗೆ ಎರಡನೇ ಹೆಜ್ಜೆ ಒಂದೇ ಸಾಕು.

ಮಾರ್ಚ್ ಬಂದ ಮೇಲೆ

ಹಗಲಿನ ತಾಪಮಾನ 10 ಡಿಗ್ರಿ ಮುಟ್ಟುವ ಮುಂಚೆಯೇ ಗ್ರಿಲ್‌ನ ಫೋಮ್ ತೆಗೆದುಬಿಡಿ. ಕ್ಯಾಲೆಂಡರ್‌ನಲ್ಲಿ ಈಗಲೇ ಬರೆದಿಟ್ಟುಕೊಳ್ಳಿ. ಟೈರ್ ಗಾಳಿ ಮತ್ತೆ ನೋಡಿ, ಬಿಸಿಲಿಗೆ ಅದು ಏರಿರುತ್ತದೆ. ಮೈಲೇಜ್ ಒಂದೇ ಸಲ 50ಕ್ಕೆ ಹಾರುವುದಿಲ್ಲ. ಚಳಿಗಾಲದಲ್ಲಿ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲೇ ಬೇರೆ ಮಿಶ್ರಣದ್ದು. ಸುಲಭವಾಗಿ ಹೊತ್ತಿಕೊಳ್ಳಲಿ ಅಂತ ಮಾಡಿದ ಆ ಮಿಶ್ರಣದಲ್ಲಿ ಶಕ್ತಿ ಸ್ವಲ್ಪ ಕಡಿಮೆ, ಸುಮಾರು 1.7%. ಅಮೆರಿಕದಲ್ಲಿ ಬೇಸಿಗೆಯ ಪೆಟ್ರೋಲ್ ಎಲ್ಲ ಬಂಕ್‌ಗಳಲ್ಲೂ ಇರಲೇಬೇಕಾದದ್ದು ಜೂನ್ 1ರಿಂದ. ಅಲ್ಲಿಯ ತನಕ ಸಂಖ್ಯೆ ಮೆಲ್ಲಗೆ ಏರುತ್ತ ಬರುತ್ತದೆ.